ಗುಂಡಿಯೊಳಗಿನ ಸೊನ್ನೆ

ಗುಂಡಿ ಮಾಮನ ಅಂಗಡಿಯಲ್ಲಿರುವ ವಸ್ತುಗಳಲ್ಲೆಲ್ಲ ದೊಡ್ಡದು ಮಾಮನೇ. ಉಳಿದದ್ದು ಗುಂಡಿ, ಹುಕ್ಕು, ಜಿಪ್ಪು, ಸೂಜಿ, ದಾರದ ಉಂಡೆ, ಲೇಸು. ಮುಷ್ಟಿ ಮುಚ್ಚಿದರೆ ಕಾಣಿಸದಂಥ ಸರಕು. ಗೋಡೆ ತುಂಬ ಮುನ್ನೂರ ನಲವತ್ತು ಸಣ್ಣ ಡ್ರಾಯರುಗಳಿವೆ. ಪ್ರತಿಯೊಂದರ ಮೂತಿಗೂ ಒಳಗಿರುವ ಗುಂಡಿಯದೇ ಒಂದು ಮಾದರಿ ಅಂಟಿಸಿದೆ. ಗಿರಾಕಿ ಬಂದು, “ಅದೇ, ಹಸಿರೂ ಅಲ್ಲ, ನೀಲಿನೂ ಅಲ್ಲ, ನಮ್ಮತ್ತೆ ಸ್ವೆಟರಿಗೆ ಇತ್ತಲ್ಲ,” ಎಂದರೆ ಮಾಮ ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚಿ ಒಂದು ಡ್ರಾಯರು ಎಳೆಯುತ್ತಾನೆ. ಹತ್ತರಲ್ಲಿ ಎಂಟು ಸಲ ಅತ್ತೆಯ ಸ್ವೆಟರಿನ ಗುಂಡಿಯೇ ಸಿಗುತ್ತದೆ. ಉಳಿದೆರಡು ಸಲ, “ಅತ್ತೆಗೆ ಇದು ಇನ್ನೂ ಚೆನ್ನಾಗಿ ಒಪ್ಪುತ್ತೆ,” ಎಂದು ಬೇರೆಯದನ್ನು ಕಟ್ಟಿ ಕೊಡುತ್ತಾನೆ. ‘ಇಲ್ಲ’ ಎಂಬ ಮಾತು ಮಾತ್ರ ಆ ಅಂಗಡಿಯಲ್ಲಿ ಸ್ಟಾಕಿಲ್ಲ.

ಅರವತ್ತೊಂದು ದಾಟಿದ ಮಾಮನ ಕೊರಳಲ್ಲಿ ಯಾವಾಗಲೂ ಅಳತೆ ಟೇಪು ತೂಗುತ್ತಿರುತ್ತದೆ. ಅದರಿಂದ ಅವನು ಲೇಸು ಬಿಟ್ಟು ಬೇರೇನನ್ನೂ ಅಳೆದವನಲ್ಲ. ಅವನಿಗೆ ಹೊಲಿಯಲು ಬರುವುದಿಲ್ಲ. ಅವನದೇ ಅಂಗಿಯ ಗುಂಡಿ ಕಿತ್ತುಹೋದರೆ ಹಾಕಿಕೊಡುವುದು ಹೆಂಡತಿ. ಅವರು ನಿವೃತ್ತ ಟೀಚರ್, ಅರ್ಧ ಬೀದಿಗೆ ಕಾಗುಣಿತ ತಿದ್ದಿಸಿದವರು. ಹಾಗಾಗಿ ಬೀದಿಯಲ್ಲಿ ಮಾಮನನ್ನು ಏಕವಚನದಲ್ಲಿ ಮಾತಾಡಿಸುವವರು ಬೇಕಾದಷ್ಟು ಸಿಗುತ್ತಾರೆ, ಟೀಚರನ್ನು ಹಾಗೆ ಮಾತಾಡಿಸುವ ಧೈರ್ಯದವರು ಇನ್ನೂ ಹುಟ್ಟಿಲ್ಲ.

ಹೊಲಿಯಲು ಬಾರದ ಮಾಮನಿಗೆ ಹೊಲಿಗೆ ಯಂತ್ರವೆಂದರೆ ಪ್ರಾಣ. ಅದೂ ಹಳೆಯದು, ಕಪ್ಪು ಕಬ್ಬಿಣದ್ದು, ಎತ್ತಿದರೆ ಸೊಂಟ ಹಿಡಿದುಕೊಳ್ಳುವಂಥದ್ದು. ಗುಜರಿಯಿಂದ ತರುತ್ತಾನೆ, ಬಿಚ್ಚುತ್ತಾನೆ, ಎಣ್ಣೆ ಬಿಡುತ್ತಾನೆ, ಮತ್ತೆ ಜೋಡಿಸಿ ಕೈಚಕ್ರ ತಿರುಗಿಸುತ್ತಾ ಮಗುವಿನ ಎದೆಬಡಿತ ಕೇಳುವ ಹಾಗೆ ಕಿವಿಗೊಡುತ್ತಾನೆ. ಮನೆಯಲ್ಲಿ ಮಂಚದ ಕೆಳಗೆ ನಾಲ್ಕು, ಬೀರುವಿನ ಪಕ್ಕ ಎರಡು, ಊಟದ ಮೇಜಿನ ಮೇಲೆ ಸದ್ಯಕ್ಕೆ ಒಂದು. “ನಮ್ಮನೇಲಿ ಹೊಲಿಗೆ ಒಂದನ್ನ ಬಿಟ್ಟು ಹೊಲಿಗೆ ಯಂತ್ರದ ಎಲ್ಲಾ ಕೆಲಸ ಆಗುತ್ತೆ,” ಎಂದು ಟೀಚರ್ ಬಂದವರಿಗೆಲ್ಲ ಹೇಳುತ್ತಾರೆ.

ಇಂಥ ಹುಚ್ಚು ಇರುವವನು ತಾನೊಬ್ಬನೇ ಎಂದುಕೊಂಡಿದ್ದ ಮಾಮನಿಗೆ ಹನ್ನೊಂದು ವರ್ಷದ ಹಿಂದೆ ಕಂಪ್ಯೂಟರಿನಲ್ಲಿ ‘ಹೊಲಿಗೆ ಕಟ್ಟೆ’ ಸಿಕ್ಕಿತು. ಒಬ್ಬ ಬಸ್ ಡ್ರೈವರು ಶುರು ಮಾಡಿದ ಹರಟೆಯ ತಾಣ. ಹಳೆಯ ಯಂತ್ರಗಳ ಹುಚ್ಚರು ಅಲ್ಲಿ ಬಂದು ಕೂತು, ನನ್ನದು ಹೀಗೆ ಕಿರ್ ಎನ್ನುತ್ತದೆ, ನಿಮ್ಮದು ಹೇಗನ್ನುತ್ತದೆ ಎಂದು ಬರೆದುಕೊಳ್ಳುತ್ತಿದ್ದರು. ಮಾಮ ಮೊದಲ ವಾರವೇ ಟೀಚರ ಹತ್ತಿರ ಕನ್ನಡದಲ್ಲಿ ಟೈಪು ಮಾಡುವುದನ್ನು ಕಲಿತ. ಎರಡೇ ಬೆರಳಿನಲ್ಲಿ, ಅಂಗಡಿಯ ಕಂಪ್ಯೂಟರಿನಲ್ಲಿ, ಗಿರಾಕಿ ಇಲ್ಲದ ಹೊತ್ತು ನೋಡಿ ನಾಲ್ಕು ಸಾವಿರಕ್ಕೂ ಮಿಕ್ಕಿ ಬರಹ ಬರೆದ. ಡ್ರೈವರ ಕಣ್ಣು ಮಂದವಾದ ಮೇಲೆ ಕಟ್ಟೆಯ ಬೀಗದ ಕೈ, ಅಂದರೆ ಪಾಸ್‌ವರ್ಡು, ಮಾಮನ ಕೈಗೆ ಬಂತು.

ಅಂಗಡಿಯಲ್ಲಿ ಅವನು ಎರಡು ಡಜನ್ ಬಿಳಿ ಗುಂಡಿ ಕೊಡುವ ಮನುಷ್ಯ. ಕಟ್ಟೆಯಲ್ಲಿ ಹಾಗಲ್ಲ. ಅಲ್ಲಿ ದಿನ ಬೆಳಗಾದರೆ ಯಾರಾದರೂ, “ಮಾಮ, ಸ್ಪ್ರಿಂಗು ಬಗ್ಗೆ ಬರೆದಿದ್ರಲ್ಲ, ಎಲ್ಲಿದೆ? ಹುಡುಕಿದ್ರೆ ಸಿಗ್ತಿಲ್ಲ,” ಎಂದು ಕೇಳುತ್ತಿದ್ದರು. ಹುಡುಕುವ ಪೆಟ್ಟಿಗೆ ಹಳೆಯದು, ಕೆಟ್ಟಿದೆ, ಏನೂ ಹುಡುಕಿಕೊಡುವುದಿಲ್ಲ ಎಂಬುದು ಕಟ್ಟೆಯಲ್ಲಿ ಎಲ್ಲರೂ ಒಪ್ಪಿದ ಮಾತು. ಮಾಮ ಮಾತ್ರ ಡ್ರಾಯರು ಎಳೆದ ಹಾಗೆ ಐದೇ ನಿಮಿಷದಲ್ಲಿ ತೆಗೆದುಕೊಡುತ್ತಿದ್ದ. ಪೆಟ್ಟಿಗೆ ಕೆಟ್ಟಿದ್ದರ ಬಗ್ಗೆ ಅವನಿಗೆ ಅಂಥ ಬೇಜಾರೇನೂ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಟ್ಟೆಯ ತುಂಬ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಸುರಿದಿತ್ತು. ಎಂಟುನೂರು ಸುಳ್ಳು ಸದಸ್ಯರು ಬಂದು ಎಂಟುನೂರು ಸಲ ಅದೇ ಎಣ್ಣೆಯನ್ನು ಹೊಗಳಿದ್ದರು. ಮಾಮ ಎರಡು ದಿನ ಕೂತು ಗುಡಿಸಿ, ಬಾಗಿಲಲ್ಲಿ ಒಂದು ಪ್ರಶ್ನೆ ಇಟ್ಟ. ಹೊಸದಾಗಿ ಸೇರುವವರು ಅದಕ್ಕೆ ಉತ್ತರ ಬರೆದೇ ಒಳಗೆ ಬರಬೇಕು: ‘ಅಂಗಿಯಲ್ಲಿ ಇರುತ್ತೆ, ತೂತು ಇರುತ್ತೆ, ಆದರೆ ಹರಿದದ್ದಲ್ಲ. ಏನು? ಎರಡಕ್ಷರ, ಕನ್ನಡದಲ್ಲಿ ಬರೆಯಿರಿ.’ ಉತ್ತರದ ಜಾಗದಲ್ಲಿ ತನ್ನ ಹೆಸರನ್ನೇ ಬರೆದಿಟ್ಟ. ಹೊರಗಿನವನ ಹಾಗೆ ಬಂದು ತಾನೇ ಉತ್ತರ ಬರೆದು ನೋಡಿದ. ‘ಬನ್ನಿ, ಕೂತ್ಕೊಳ್ಳಿ’ ಎಂದು ಬಾಗಿಲು ತೆರೆಯಿತು. ಅವತ್ತಿನಿಂದ ಒಂದೇ ಒಂದು ಎಣ್ಣೆ ಶೀಶೆ ಒಳಗೆ ಬಂದಿಲ್ಲವೆಂದು ಮಾಮ ಬೀಗುತ್ತಿದ್ದ.

ಅವತ್ತಿನಿಂದ ಒಂದೇ ಒಂದು ಮನುಷ್ಯಪ್ರಾಣಿಯೂ ಒಳಗೆ ಬಂದಿಲ್ಲ ಎಂಬುದನ್ನು ಗಮನಿಸಿದವಳು ನರ್ಸಮ್ಮ. ಮಕ್ಕಳ ವಾರ್ಡಿನಲ್ಲಿ ಕೆಲಸ, ಕಟ್ಟೆಯಲ್ಲಿ ಒಂಬತ್ತು ವರ್ಷದ ಸದಸ್ಯೆ, ಬಾಯಿ ಜೋರು. ತಿಂಗಳ ಮೊದಲ ದಿನ ಬರೆದಳು: “ನಾಲ್ಕು ವರ್ಷದಿಂದ ಇದೇ ಇಪ್ಪತ್ಮೂರು ಜನ. ಹೊಸ ಮುಖ ಇಲ್ಲ. ಹುಡುಕಿದ್ದು ಸಿಗಲ್ಲ. ಫೋನಲ್ಲಿ ತೆಗೆದ್ರೆ ಫೋಟೋ ಅರ್ಧ ಕಾಣುತ್ತೆ, ಉಳಿದರ್ಧ ಊಹೆ ಮಾಡ್ಕೋಬೇಕು. ಈ ತಾಣಕ್ಕೆ ವಯಸ್ಸಾಯ್ತು. ನಾನೊಂದು ಹೊಸದು ನೋಡಿಟ್ಟಿದ್ದೀನಿ. ಎದ್ದು ಹೋಗೋಣ.”

ಮಾಮ ಬರೆದ: “ವಯಸ್ಸಾಯ್ತು ಅಂತ ಎದ್ದು ಹೋಗೋದಾದ್ರೆ ನಾವ್ಯಾರೂ ಹಳೇ ಯಂತ್ರ ಇಟ್ಕೊಳ್ತಿರಲಿಲ್ಲ, ಕಣಮ್ಮ.”

“ಹಳೇ ಯಂತ್ರ ಇನ್ನೂ ಹೊಲಿಯುತ್ತೆ, ಮಾಮ. ಇದು ಹೊಲಿಯೋದಿಲ್ಲ.”

ಹೀಗೆ ಎರಡು ವಾರ ನಡೆಯಿತು. ಹೊಸ ತಾಣದ ಬಣ್ಣ ಕಣ್ಣಿಗೆ ಚುಚ್ಚುತ್ತದೆ ಎಂದೊಬ್ಬರು, ಹಳೆಯದರ ಬಣ್ಣ ಕಾಣಿಸುವುದೇ ಇಲ್ಲ ಎಂದು ಇನ್ನೊಬ್ಬರು. ಎರಡನ್ನೂ ಇಟ್ಟುಕೊಳ್ಳೋಣ ಎಂದ ಒಬ್ಬನನ್ನು ಎರಡೂ ಕಡೆಯವರು ಸೇರಿ ಬೈದರು. ಕೊನೆಗೆ ಭಾನುವಾರ ಸಂಜೆ ಆರಕ್ಕೆ ಮತ ಹಾಕುವುದೆಂದು ತೀರ್ಮಾನವಾಯಿತು. ನಿಯಮ ಬರೆದವನು ಮಾಮನೇ: ‘ಕಟ್ಟೆಯ ಒಳಗಿರುವ ಎಲ್ಲರಿಗೂ ಒಂದೊಂದು ಮತ. ಹಳಬರು, ಹೊಸಬರು ಅನ್ನೋ ಭೇದ ಇಲ್ಲ.’ ಹೊಸಬರೇ ಇಲ್ಲದ ಕಡೆ ಇಂಥ ಉದಾರತೆಗೆ ಏನೂ ಖರ್ಚಾಗುವುದಿಲ್ಲ.

ಅವನು ಲೆಕ್ಕ ಹಾಕದೆ ಮಾತಾಡುವವನಲ್ಲ. ಗಲ್ಲಾಪೆಟ್ಟಿಗೆಯ ಪಕ್ಕ ಗುಂಡಿಗಳನ್ನು ಜೋಡಿಸಿಟ್ಟಿದ್ದ. ಇರುವವರಿಗೆ ಬಿಳಿ, ಹೋಗುವವರಿಗೆ ಕಪ್ಪು. ಫೋನು ಮಾಡಿ, ಪತ್ರ ಬರೆದು, ಒಬ್ಬ ನಿವೃತ್ತ ಗುಮಾಸ್ತರಿಗೆ ಎಲ್ಲೂ ಸಿಗದ ಒಂದು ಸ್ಪ್ರಿಂಗು ಹುಡುಕಿ ಕಳಿಸಿ, ಗುರುವಾರದ ಹೊತ್ತಿಗೆ ಸಾಲು ಹನ್ನೆರಡು ಬಿಳಿ, ಹನ್ನೊಂದು ಕಪ್ಪಿಗೆ ಬಂದು ನಿಂತಿತ್ತು. ಒಂದೇ ಗುಂಡಿಯ ಅಂತರ. ಸಾಕು.

ಶುಕ್ರವಾರ ಮಧ್ಯಾಹ್ನ ಒಬ್ಬ ಹೆಂಗಸು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಯಂತ್ರವೊಂದನ್ನು ಸೊಂಟದ ಮೇಲೆ ಹೊತ್ತು ತಂದು ಕೌಂಟರಿನ ಮೇಲೆ ಧಡಕ್ಕನೆ ಇಳಿಸಿದಳು. ಎರಡು ಬೀದಿ ಆಚೆಯ ಟೈಲರು. ಪ್ಯಾಂಟು ಚಿಕ್ಕದು ಮಾಡುವುದು, ಸೊಂಟ ಬಿಡಿಸುವುದು, ಜಿಪ್ಪು ಹಾಕುವುದು ಅವಳ ಕೆಲಸ. ದಾರಕ್ಕೆ ಬರುತ್ತಿದ್ದಳು, ಯಂತ್ರ ತಂದದ್ದು ಮೊದಲ ಸಲ.

“ಅಡೀಲಿ ಗಂಟು ಕಟ್ತಾ ಇದೆ, ಮಾಮ. ಬಾಬಿನ್ ಬದಲಾಯಿಸ್ದೆ, ಸೂಜಿ ಬದಲಾಯಿಸ್ದೆ, ದಾರ ಬದಲಾಯಿಸ್ದೆ. ಇನ್ನು ಬದಲಾಯಿಸೋಕೆ ಉಳಿದಿರೋದು ನಾನೊಬ್ಬಳೇ. ಒಂಬತ್ತು ದಿನದಿಂದ ಕೆಲಸ ನಿಂತಿದೆ.”

ಮಾಮ ಯಂತ್ರದ ಕೆಳಭಾಗವನ್ನು ನೋಡಲೇ ಇಲ್ಲ. ಮೇಲೆ, ದಾರವನ್ನು ಬಿಗಿ ಹಿಡಿಯುವ ಎರಡು ಪುಟ್ಟ ತಟ್ಟೆಗಳ ನಡುವೆ ಬಟ್ಟೆಯ ಪಟ್ಟಿಯೊಂದನ್ನು ತೂರಿಸಿ ಹಿಂದಕ್ಕೂ ಮುಂದಕ್ಕೂ ಎಳೆದ. ಮೂರನೆಯ ಎಳೆತಕ್ಕೆ ಅಕ್ಕಿಕಾಳಿನಷ್ಟು ಕಪ್ಪು ದಾರದ ತುಣುಕು ಹೊರಬಂತು. ತಟ್ಟೆ ಮುಚ್ಚಲು ಬಿಡದೆ ಅಡ್ಡ ಕೂತಿತ್ತು.

“ಇದೊಂದಕ್ಕಾ?” ಟೈಲರು ಆ ತುಣುಕನ್ನು ಉಗುರಿನ ಮೇಲಿಟ್ಟು ನೋಡಿದಳು. “ಇಷ್ಟುದ್ದದ್ದಕ್ಕೆ ಒಂಬತ್ತು ದಿನಾನಾ?”

“ಗಂಟು ಬೀಳೋದು ಕೆಳಗೆ, ಕಾರಣ ಇರೋದು ಮೇಲೆ. ಏಳು ವರ್ಷದ ಹಿಂದೇನೇ ಬರೆದಿಟ್ಟಿದ್ದೀನಮ್ಮ, ಹೊಲಿಗೆ ಕಟ್ಟೇಲಿ. ಚಿತ್ರ ಸಮೇತ.”

ಅವಳ ಮುಖ ಬದಲಾಯಿತು. “ಅದು ನಿಮ್ಮದಾ?”

“ನನ್ನದು ಅಂತೇನಿಲ್ಲ. ಬೀಗ ನನ್ನ ಹತ್ರ ಇದೆ.”

“ಬೀಗ ಗಟ್ಟಿಯಾಗೇ ಇದೆ ಬಿಡಿ. ನಾನು ಏಳು ಸಲ ತಟ್ಟಿದ್ದೀನಿ. ಏಳು ಸಲಾನೂ ಉತ್ತರ ತಪ್ಪು ಅಂತು. ಹೊರಗಿಂದ ಓದೋಕೆ ಬಿಡುತ್ತಲ್ಲ ಅಂತ ‘ಗಂಟು’ ಅಂತ ಹುಡುಕ್ದೆ. ಯಾರಿಗೋ ಮಂಡಿ ಗಂಟು ನೋವಂತೆ, ಅದು ಸಿಕ್ತು. ನಮ್ಮಂಥ ಹೊಟ್ಟೆಪಾಡಿನ ಟೈಲರುಗಳು ಬೇಡ ಅಂತ ಹಾಗೆ ಮಾಡಿದ್ದೀರೇನೋ ಅಂದ್ಕೊಂಡು ಸುಮ್ಮನಾದೆ.”

“ಛೆ ಛೆ! ಪ್ರಶ್ನೆ ಅಷ್ಟು ಸುಲಭ ಇದೆಯಲ್ಲಮ್ಮ. ಏನು ಬರೆದೆ?”

“ಗುಂಡಿ ಅಂತ. ಇನ್ನೇನು ಬರೀಲಿ, ಕಿಟಕಿ ಅಂತಲಾ?”

ಮಾಮ ನಕ್ಕ. ಬರೆಯುವಾಗ ಏನೋ ಎಡವಟ್ಟು ಮಾಡಿರಬೇಕು ಎಂದುಕೊಂಡು, “ಎಲ್ಲಿ, ನನ್ನೆದುರಿಗೆ ಬರಿ,” ಎಂದ. ಅವಳು ಫೋನು ತೆಗೆದು ಅವನ ಮೂಗಿನ ಕೆಳಗೇ ಹಿಡಿದು ಬರೆದಳು. ಗುಂಡಿ. ಮಾಮ ಕನ್ನಡಕ ಸರಿಮಾಡಿಕೊಂಡು ಓದಿದ. ಗುಂಡಿಯೇ. ‘ಉತ್ತರ ತಪ್ಪು’ ಎಂದಿತು ಕಟ್ಟೆ.

“ನಿನ್ನ ಫೋನು ಸರಿಯಿಲ್ಲ.” ಮಾಮ ತನ್ನ ಕಂಪ್ಯೂಟರಿನಲ್ಲಿ ಹೊರಗಿನವನಾಗಿ ಬಂದು ಎರಡು ಬೆರಳಿನಲ್ಲಿ ಕುಟ್ಟಿದ. ‘ಬನ್ನಿ, ಕೂತ್ಕೊಳ್ಳಿ.’ “ನೋಡು!”

ಟೈಲರು ಫೋನನ್ನು ಕಂಪ್ಯೂಟರಿನ ಪಕ್ಕ ಹಿಡಿದಳು. ಇಲ್ಲೂ ಗುಂಡಿ, ಅಲ್ಲೂ ಗುಂಡಿ. “ನಿಮಗಾದ್ರೆ ಕೂತ್ಕೊಳ್ಳಿ ಅನ್ನುತ್ತೆ, ನಾನಾದ್ರೆ ಹೋಗು ಅನ್ನುತ್ತೆ. ಇದಕ್ಕೆ ಮುಖ ನೋಡೋಕೂ ಬರುತ್ತಾ, ಮಾಮ?”

ಅಷ್ಟರಲ್ಲಿ ಟೀಚರ್ ಊಟದ ಡಬ್ಬಿ ಹಿಡಿದು ಬಂದರು. ವಿಷಯ ಕೇಳಿದರು. “ಇನ್ನೊಂದು ಸಲ ಬರೀರಿ,” ಎಂದು ಗಂಡನ ಹೆಗಲ ಹಿಂದೆ ನಿಂತರು. ಮೂವತ್ತನಾಲ್ಕು ವರ್ಷ ಮಕ್ಕಳ ಬೆನ್ನ ಹಿಂದೆ ಹಾಗೇ ನಿಂತವರು. ಮಾಮ ಗು ಒತ್ತಿದ. ಬೆರಳು ಮೇಲಕ್ಕೆ ಹೋಗಿ ಅಂಕಿಗಳ ಸಾಲಿನ ತುದಿಗೆ ಮುಟ್ಟಿ ಕೆಳಗಿಳಿದು ಬಂತು. ಡಿ ಒತ್ತಿದ.

“ನಿಲ್ಲಿ. ಮಧ್ಯೆ ಏನು ಹಾಕಿದ್ರಿ?”

“ಸೊನ್ನೆ.”

“ಎಲ್ಲಿಂದ ತಗೊಂಡ್ರಿ ಅದನ್ನ?”

“ಅಂಕಿ ಸಾಲಿಂದ. ಒಂದು, ಎರಡು, ಮೂರು ಆಗಿ ಕೊನೇಲಿ ಸೊನ್ನೆ. ಇನ್ನೆಲ್ಲಿ ಇರುತ್ತೆ ಸೊನ್ನೆ?”

ಟೀಚರ್ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು. “ಅದು ಲೆಕ್ಕದ ಸೊನ್ನೆ ಕಣ್ರೀ. ನಾನು ಹೇಳಿದ್ದು ಅಕ್ಷರದ ಸೊನ್ನೆ, ಅನುಸ್ವಾರ.”

“ಸೊನ್ನೇಲೂ ಎರಡು ಥರ ಇದೆಯಾ? ನೀನೇ ತಾನೆ ಕಲಿಸಿದ್ದು, ಗು ಬರೆದು ಸೊನ್ನೆ ಹಾಕಿ ಅಂತ? ಅನುಸ್ವಾರ ಅಂತ ಆಗ್ಲೇ ಬಿಡಿಸಿ ಹೇಳಬೇಕಿತ್ತು.”

“ಹೇಳಿದ್ರೆ ನಿಮಗೆ ಗೊತ್ತಾಗ್ತಿತ್ತಾ?”

ಎರಡು ಸೊನ್ನೆಯೂ ಕಣ್ಣಿಗೆ ಒಂದೇ ಉರುಟು. ಕಂಪ್ಯೂಟರಿಗೆ ಮಾತ್ರ ಒಂದು ಅಕ್ಷರ, ಇನ್ನೊಂದು ಅಂಕಿ. ಹನ್ನೊಂದು ವರ್ಷದಿಂದ ಅವನು ಗಂಟಿಗೆ, ಯಂತ್ರಕ್ಕೆ, ಅಂಗಡಿಗೆ, ಗುಂಡಿಗೆ ಎಲ್ಲದಕ್ಕೂ ಅಂಕಿಯ ಸೊನ್ನೆಯನ್ನೇ ಹಾಕುತ್ತ ಬಂದಿದ್ದ. ಹಾಗಾಗಿ ‘ಗಂಟು’ ಎಂದು ಹುಡುಕಿದವರಿಗೆ ಅವನ ಬರಹ ಯಾವತ್ತೂ ಸಿಕ್ಕಿರಲಿಲ್ಲ. ಹುಡುಕುವ ಪೆಟ್ಟಿಗೆ ಕೆಟ್ಟೇ ಇರಲಿಲ್ಲ. ಮತ್ತೆ ಬಾಗಿಲಿನ ಉತ್ತರದಲ್ಲೂ ಅದೇ ಸೊನ್ನೆ ಕೂತಿತ್ತು. ಕನ್ನಡ ಸರಿಯಾಗಿ ಬರೆಯುವ ಯಾರಿಗೂ ಆ ಬಾಗಿಲು ತೆರೆಯುವಂತಿರಲಿಲ್ಲ.

ಟೈಲರಿಗೆ ನಗು ತಡೆಯಲಾಗಲಿಲ್ಲ. “ಹಾಗಾದ್ರೆ ಏಳು ಸಲಾನೂ ನಂದೇ ಸರಿ! ಈಗ ಸರಿ ಮಾಡಿ ಮತ್ತೆ, ನಾನೂ ಬರ್ತೀನಿ.”

ಮಾಮನ ಕಣ್ಣು ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಹೋಯಿತು. ಹನ್ನೆರಡು ಬಿಳಿ, ಹನ್ನೊಂದು ಕಪ್ಪು. “ಸೋಮವಾರ,” ಎಂದ.

“ಸೋಮವಾರ ಯಾಕೆ? ಒಂದಕ್ಷರ ತಾನೆ?”

“ಅದಕ್ಕೆಲ್ಲ ಒಂದು ಕ್ರಮ ಇರುತ್ತಮ್ಮ.”

ಟೈಲರು ಯಂತ್ರ ಹೊತ್ತು ಹೋದಳು. ಟೀಚರ್ ಗುಂಡಿಗಳ ಸಾಲನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, “ಊಟ ಆರುತ್ತೆ,” ಎಂದಷ್ಟೇ ಹೇಳಿ ಹೊರಟರು. ಅವರು ಬೈದಿದ್ದರೆ ಮಾಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಈಗಲೇ ಬಾಗಿಲು ತೆಗೆದರೆ ಹೊಸಬರು ಬರುತ್ತಾರೆ. ನಿಯಮದ ಪ್ರಕಾರ ಅವರಿಗೂ ಮತ. ಅವರೆಲ್ಲ ಫೋನಿನವರು, ಕಣ್ಣು ಮುಚ್ಚಿ ನರ್ಸಮ್ಮನ ಕಡೆ. ಭಾನುವಾರ ಕಳೆದ ಮೇಲೆ ತೆಗೆದರೆ ಕಟ್ಟೆಯೂ ಉಳಿಯುತ್ತದೆ, ಜನರೂ ಬರುತ್ತಾರೆ, ಸೊನ್ನೆಯ ವಿಷಯ ಯಾರಿಗೂ ತಿಳಿಯುವುದಿಲ್ಲ. ‘ನೋಡಿ, ಇಲ್ಲೇ ಇದ್ದದ್ದಕ್ಕೆ ಹೊಸಬರು ಬಂದರು’ ಎಂದು ಬೇಕಾದರೆ ಬೆನ್ನನ್ನೂ ತಟ್ಟಿಕೊಳ್ಳಬಹುದು. ಮೂರು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ವ್ಯಾಪಾರದಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಬಾಯಿ ಮುಚ್ಚಿಕೊಂಡಿದ್ದವನು ಅವನು.

ಶನಿವಾರ ಬೆಳಿಗ್ಗೆ ಅಂಗಡಿಯ ಶಟರು ಎತ್ತುವ ಮೊದಲೇ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. “ಐದು ನಿಮಿಷ ತಡ ಆಯ್ತು, ತಪ್ಪು ತಿಳ್ಕೋಬೇಡಿ,” ಎಂದು ಮಾಮ ಕೈಮುಗಿದು ಒಳಗೆ ಕರೆದ. ಅವರು ಹೋದ ಮೇಲೆ ಕಟ್ಟೆಯ ಹಿಂಬದಿ ತೆರೆದ. ಅಲ್ಲೆಲ್ಲೋ ಒಂದು ಮೂಲೆಯಲ್ಲಿ ತಪ್ಪು ಉತ್ತರಗಳ ಪಟ್ಟಿ ತಾನಾಗಿ ಬೆಳೆಯುತ್ತಿರುತ್ತದೆಂದು ಡ್ರೈವರು ಯಾವಾಗಲೋ ಹೇಳಿದ್ದು ನೆನಪಿತ್ತು. ನಾಲ್ಕು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಎಣ್ಣೆಯವರ ಕಸ ಸಾವಿರಗಟ್ಟಲೆ ಇತ್ತು. ಅದರ ನಡುನಡುವೆ ಗುಂಡಿ. ಗುಂಡಿ. ಗುಂಡಿ. ‘ಬಟನ್’. ‘ಕಾಜ?’ ಮತ್ತೆ ಗುಂಡಿ. ‘ಗುಂಡಿ ಅಲ್ವಾ?’ ‘ಅಂಗಿ ಗುಂಡಿ’. ಒಬ್ಬರು, ‘ಅಮ್ಮನ ಯಂತ್ರ ನಿಂತುಹೋಗಿದೆ, ದಯವಿಟ್ಟು ಸೇರಿಸಿಕೊಳ್ಳಿ, ಉತ್ತರ ಗುಂಡಿ’ ಎಂದು ಉತ್ತರದ ಜಾಗದಲ್ಲೇ ಅರ್ಜಿ ಬರೆದಿದ್ದರು. ಇನ್ನೊಬ್ಬ ಎರಡು ವರ್ಷದಲ್ಲಿ ಹದಿನಾಲ್ಕು ಸಲ ಬಂದಿದ್ದ. ಅವನ ಕೊನೆಯ ಉತ್ತರ: ‘ಗುಂಡಿ ಕಣ್ರೀ. ಇಷ್ಟು ಸಲ ಅಂಗಡಿಗೆ ಹೋಗಿದ್ದರೆ ಅಂಗಡಿಯವನೇ ಕರೆದು ಕೂರಿಸುತ್ತಿದ್ದ.’

ಮಾಮ ಎಣಿಸಿದ. ಗುಂಡಿ ಎಂದು ಬರೆದದ್ದು ಇನ್ನೂರ ಹದಿನಾಲ್ಕು ಸಲ, ಅರವತ್ತೊಂದು ಜನ. ಹದಿನಾಲ್ಕು ಸಲದವನ ಸಾಲನ್ನು ಮತ್ತೆ ಓದಿದ. ಒಬ್ಬ ಗಿರಾಕಿಯನ್ನೂ ‘ಇಲ್ಲ’ ಎಂದು ಕಳಿಸದವನ ಬಾಗಿಲಲ್ಲಿ ಅವನದೇ ಹೆಸರು ಹೇಳಿಕೊಂಡು ಬಂದವರಿಗೆ ಇನ್ನೂರ ಹದಿನಾಲ್ಕು ಸಲ ‘ತಪ್ಪು’ ಎಂದು ಹೇಳಲಾಗಿತ್ತು. ಯಾರೋ ಎರಡು ಡಜನ್ ಬಿಳಿ ಗುಂಡಿ ಕೇಳಿದರು. ಮಾಮ ಹದಿಮೂರು ಕೊಟ್ಟ. “ಎಣಿಸೋದು ಮರೆತುಹೋಯ್ತಾ?” ಎಂದು ಗಿರಾಕಿ ಕೇಳಿದಾಗ ಉಳಿದದ್ದನ್ನು ಸುರಿದು ಕೊಟ್ಟ.

ಗಿರಾಕಿ ಹೋದ ಮೇಲೆ ಉತ್ತರದ ಜಾಗದಲ್ಲಿದ್ದ ಸೊನ್ನೆಯನ್ನು ಅಳಿಸಿದ. ಅಕ್ಷರದ ಸೊನ್ನೆ ಯಾವ ಗುಂಡಿ ಒತ್ತಿದರೆ ಬರುತ್ತದೆಂದು ಕೇಳಲು ಮನೆಗೆ ಫೋನು ಮಾಡಬೇಕಾಯಿತು. ಟೀಚರ್, “ಇವತ್ತು ಸೋಮವಾರನಾ?” ಎಂದು ಕೇಳಿ, ಆಮೇಲೆ ಹೇಳಿಕೊಟ್ಟರು. ಪಟ್ಟಿಯಲ್ಲಿ ವಿಳಾಸ ಇದ್ದ ಅರವತ್ತೊಂದು ಜನರಿಗೂ ಮಾಮ ಒಂದೇ ಪತ್ರ ಬರೆದ: ‘ನಿಮ್ಮ ಉತ್ತರ ಸರಿಯಾಗಿತ್ತು. ತಪ್ಪು ಬಾಗಿಲಿನದು. ಈಗ ಬನ್ನಿ. ನಾಳೆ ಸಂಜೆ ಆರಕ್ಕೆ ಮತದಾನ ಇದೆ, ನಿಮಗೂ ಮತ ಇದೆ.’ ಕೊನೆಯ ವಾಕ್ಯವನ್ನು ಬರೆದು, ಅಳಿಸಿ, ಮತ್ತೆ ಬರೆದ.

ಆಮೇಲೆ ಕಟ್ಟೆಯಲ್ಲಿ ಎಲ್ಲರಿಗೂ ಕಾಣುವಂತೆ ಇಡೀ ಪಟ್ಟಿಯನ್ನು ಹಾಕಿದ. ಕೆಳಗೆ: ‘ನಾಲ್ಕು ವರ್ಷದಿಂದ ಹೊಸಬರು ಬಾರದ್ದಕ್ಕೆ ಈ ತಾಣದ ವಯಸ್ಸು ಕಾರಣವಲ್ಲ. ಹುಡುಕಿದ್ದು ಸಿಗದ್ದಕ್ಕೂ ಅಲ್ಲ. ನಾನು ಅಕ್ಷರದ ಸೊನ್ನೆ ಹಾಕುವ ಕಡೆ ಲೆಕ್ಕದ ಸೊನ್ನೆ ಹಾಕುತ್ತಿದ್ದೆ. ಎರಡೂ ತಪ್ಪು ನನ್ನದು. ಬೈಯುವವರು ಬೈಯಬಹುದು, ಅಂಗಡಿಯಲ್ಲೇ ಇರುತ್ತೇನೆ.’

ಹತ್ತು ನಿಮಿಷದಲ್ಲಿ ಫೋನು ಬಡಿದುಕೊಂಡಿತು. ನರ್ಸಮ್ಮ.

“ಮಾಮ, ನಾವೆಲ್ಲ ಸೇರಿ ರೋಗಿಗೆ ವಯಸ್ಸಾಯ್ತು, ವಯಸ್ಸಾಯ್ತು ಅಂತ ಗೋಳಾಡ್ತಿದ್ರೆ, ನೀವು ಹೊರಗಿಂದ ಚಿಲಕ ಹಾಕ್ಕೊಂಡು ಕೂತಿದ್ರಾ?”

“ಒಳಗಿಂದಮ್ಮ. ನಾನೂ ಒಳಗೇ ಇದ್ದೆ.”

ಆ ಕಡೆಯಿಂದ ಮಕ್ಕಳ ಅಳು, ಅದರ ಮೇಲೆ ನರ್ಸಮ್ಮನ ನಗು ಕೇಳಿಸಿತು. “ನನ್ನ ಎರಡು ಕಾರಣ ಬಿದ್ದುಹೋಯ್ತು. ಆದ್ರೆ ಫೋಟೋ ಅರ್ಧ ಕಾಣೋದು ನಿಮ್ಮ ಸೊನ್ನೆಯಿಂದಲ್ಲವಲ್ಲ? ನಾಳೆ ನೋಡೋಣ.”

ಭಾನುವಾರ ಸಂಜೆಯೊಳಗೆ ಒಂಬತ್ತು ಜನ ಹೊಸಬರು ಬಂದು ಕೂತರು. ಹದಿನಾಲ್ಕು ಸಲದವನು ಬಂದ. ಅಮ್ಮನ ಯಂತ್ರದವರು ಬಂದರು. ಎಲ್ಲರಿಗಿಂತ ಮೊದಲು ಬಂದವಳು ಟೈಲರು. ಬಂದವಳೇ, ‘ಸೋಮವಾರ ಬೇಗ ಬಂತು’ ಎಂದು ಬರೆದಳು. ಆರು ಗಂಟೆಗೆ ಮತ ಶುರುವಾಯಿತು. ಮಾಮ ಅಂಗಡಿಯ ಕೌಂಟರಿನಲ್ಲಿ ಕೂತು ಒಂದೊಂದಕ್ಕೂ ಒಂದೊಂದು ಗುಂಡಿ ಸರಿಸುತ್ತ ಹೋದ. ಹಳಬರು ಅವನು ಎಣಿಸಿದ ಹಾಗೇ ಹಾಕಿದರು, ಸೊನ್ನೆಯ ಸಿಟ್ಟಿಗೆ ಒಬ್ಬರೂ ಕದಲಲಿಲ್ಲ. ಹನ್ನೆರಡು, ಹನ್ನೊಂದು. ಹೊಸಬರು ಒಂಬತ್ತರಲ್ಲಿ ಇಬ್ಬರು ಇರೋಣ ಎಂದರು, ಏಳು ಜನ ಹೋಗೋಣ ಎಂದರು. ಹದಿನಾಲ್ಕು ಬಿಳಿ, ಹದಿನೆಂಟು ಕಪ್ಪು.

ಏಳರಲ್ಲಿ ಟೈಲರೂ ಒಬ್ಬಳು. ಮರುದಿನ ದಾರಕ್ಕೆ ಬಂದಾಗ ಮಾಮ ಕೇಳಿಯೇ ಬಿಟ್ಟ. “ಯಂತ್ರ ರಿಪೇರಿ ಮಾಡ್ಕೊಟ್ಟವನಿಗೆ ಹೀಗಾ ಮಾಡೋದು?”

“ರಿಪೇರಿಗೆ ಥ್ಯಾಂಕ್ಸ್ ಹೇಳಿದ್ನಲ್ಲ, ಮಾಮ. ನನ್ನ ಹತ್ರ ಕಂಪ್ಯೂಟರ್ ಇಲ್ಲ, ಇರೋದು ಫೋನು. ನೀವು ತಟ್ಟೆ ಬಗ್ಗೆ ಹಾಕಿರೋ ಚಿತ್ರದಲ್ಲಿ ತಟ್ಟೆ ಒಂದು ಬಿಟ್ಟು ಎಲ್ಲಾ ಕಾಣುತ್ತೆ. ನೋಡಿ ಬೇಕಾದ್ರೆ.”

ನೋಡಿದ. ಚಿತ್ರದಲ್ಲಿ ಅವನ ಹೆಬ್ಬೆರಳು ಚೆನ್ನಾಗಿ ಕಾಣುತ್ತಿತ್ತು. ಅದರ ಪಕ್ಕದಲ್ಲಿರಬೇಕಾದ ತಟ್ಟೆ ಪರದೆಯಾಚೆ ಎಲ್ಲೋ ಉಳಿದುಹೋಗಿತ್ತು. ಮಾಮ ಅವಳು ಕೇಳಿದ ಬೂದು ದಾರವನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಹೋಗುವುದಾದರೆ ಹಳೆಯ ಬರಹಗಳೆಲ್ಲ ಜೊತೆಗೆ ಬರಬೇಕೆಂದು ನರ್ಸಮ್ಮನೇ ಹೇಳಿದಳು; ಬರುವ ಮೊದಲು ಮಾಮ ತನ್ನ ಸೊನ್ನೆಗಳನ್ನು ತೊಳೆದು ತರಬೇಕೆಂದೂ ಹೇಳಿದಳು. ಕಂಪ್ಯೂಟರಿಗೇ ಒಂದೇ ಏಟಿಗೆ ಬದಲಾಯಿಸಲು ಹೇಳಿದರಾಯಿತು ಎಂದು ಮಾಮ ಹಾಗೇ ಮಾಡಿ ನೋಡಿದ. ‘ನೂರನೇ ನಂಬರ್ ಸೂಜಿ’ ಎಂದು ಅಂಕಿಯಲ್ಲಿ ಬರೆದಿದ್ದ ಕಡೆಯೆಲ್ಲ ಒಂದರ ಮುಂದೆ ಎರಡು ಅನುಸ್ವಾರ ಬಂದು ಕೂತು, ಓದಿದರೆ ಮೂಗು ಕಟ್ಟಿದವನ ಮಾತಿನ ಹಾಗಾಯಿತು. ಎಲ್ಲವನ್ನೂ ಹಿಂದಕ್ಕೆ ತಿರುಗಿಸಿ, ನಾಲ್ಕು ಸಾವಿರ ಬರಹಗಳನ್ನು ಒಂದೊಂದಾಗಿ ಓದುವುದೇ ದಾರಿ ಎಂದಾಯಿತು.

ಏಳು ವಾರ ಹಿಡಿಯಿತು. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಟೀಚರ್ ಬಂದು ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದರು. ಮಾಮ ಗಟ್ಟಿಯಾಗಿ ಓದುವುದು, ಅವರು “ಅಕ್ಷರ,” “ಲೆಕ್ಕ,” “ಅಕ್ಷರ,” ಎಂದು ಹೇಳುವುದು, ಅವನು ತಿದ್ದುವುದು. ಓದುತ್ತ ಓದುತ್ತ ಟೀಚರಿಗೆ ಗಂಡ ಹನ್ನೊಂದು ವರ್ಷದಿಂದ ಏನು ಬರೆಯುತ್ತಿದ್ದ ಎಂಬುದು ಮೊದಲ ಸಲ ತಿಳಿಯಿತು. “ಪರವಾಗಿಲ್ಲ ಕಣ್ರೀ, ಕಾಗುಣಿತ ಒಂದು ಬಿಟ್ರೆ ಚೆನ್ನಾಗೇ ಬರೆದಿದ್ದೀರ,” ಎಂದರು. ಮಾಮ ಆ ದಿನವೆಲ್ಲ ಗಿರಾಕಿಗಳಿಗೆ ಒಂದೊಂದು ಗುಂಡಿ ಹೆಚ್ಚಿಗೆ ಹಾಕಿಕೊಟ್ಟ.

ಹೊಸ ತಾಣ ತೆರೆದ ದಿನ ಬರಹಗಳು ಮೊದಲೇ ಹೋಗಿ ಕೂತಿದ್ದವು. ಟೈಲರು ಫೋನಿನಲ್ಲಿ ‘ಗಂಟು’ ಎಂದು ಹುಡುಕಿದಳು. ಮಂಡಿ ನೋವಿನವರು ಎರಡನೆಯ ಸಾಲಿಗೆ ಸರಿದಿದ್ದರು, ಮೊದಲ ಸಾಲಿನಲ್ಲಿ ಮಾಮನ ತಟ್ಟೆ ಪೂರ್ತಿ ಕಾಣುತ್ತಿತ್ತು. ಅವತ್ತಿನಿಂದ ‘ಮಾಮ, ಅದು ಎಲ್ಲಿದೆ?’ ಎಂದು ಕೇಳುವವರು ನಿಂತುಹೋದರು. ಮಾಮನಿಗೆ ಅದು ಮೊದಲ ವಾರ ಕೈ ಖಾಲಿಯಾದ ಹಾಗೆ ಅನಿಸಿದ್ದು ನಿಜ.

ಆದರೆ ಅದು ಆಮೇಲಿನ ಮಾತು. ತೆರೆದ ದಿನ ಹಳಬರು, ಹೊಸಬರು ಎಲ್ಲರೂ ಹೊಸ ಬಾಗಿಲಿಂದಲೇ ಒಳಗೆ ಬರಬೇಕಿತ್ತು. ಪ್ರಶ್ನೆ ಮಾತ್ರ ಹಳೆಯದೇ ಇರಲಿ ಎಂದು ನರ್ಸಮ್ಮ ಹಟ ಮಾಡಿ ಇಡಿಸಿದ್ದಳು. ಬೀಗ ಈಗ ಅವಳ ಕೈಯಲ್ಲಿ. ತಪ್ಪು ಉತ್ತರಗಳ ಪಟ್ಟಿಯನ್ನು ದಿನಾ ಸಂಜೆ ಡ್ಯೂಟಿ ಮುಗಿಸಿ ನೋಡುವುದಾಗಿ ಎಲ್ಲರೆದುರು ಮಾತು ಕೊಟ್ಟಿದ್ದಳು.

ಮೊದಲ ಸಂಜೆ ತೆರೆದು ನೋಡಿದಳು. ಆಗಲೇ ಮೂವತ್ತೊಂದು ಜನ ಒಳಗೆ ಬಂದು ಕೂತಿದ್ದರು. ಪಟ್ಟಿಯಲ್ಲಿ ಎಣ್ಣೆಯವರ ನಡುವೆ ಒಂದೇ ವಿಳಾಸದಿಂದ, ಎರಡೆರಡು ನಿಮಿಷದ ಅಂತರದಲ್ಲಿ ನಾಲ್ಕು ಉತ್ತರ ಬಂದಿದ್ದವು.

ಗು೦ಡಿ.

ಗು೦ಡಿ.

ಗು೦ಡಿ.

ನಾನೇ ಕಣಮ್ಮ, ಗು೦ಡಿ ಮಾಮ. ಬೆರಳು ಮತ್ತೆ ಮೇಲಕ್ಕೇ ಹೋಗ್ತಿದೆ, ಬಾಗಿಲು ತೆಗಿ.